ಡೀಸೆಲ್ ಲಾರಿ ಎಂಜಿನುಗಳಲ್ಲಿ ಟರ್ಬೊಚಾರ್ಜರಿನ ಪುನರ್ವೈಫಲ್ಯ

ಡೀಸೆಲ್ ಎಂಜಿನಿನ ಸಿಲಿಂಡರುಗಳಿಂದ ಹೊರಬೀಳುವ ತಪ್ತಾನಿಲದಲ್ಲಿ ಉಳಿದಿರುವ ಶಕ್ತಿಯನ್ನು ವ್ಯರ್ಥವಾಗಗೊಡದೆ, ಅದರಿಂದಲೇ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರದೊಡನೆ ಒಂದೇ ದಂಡದ ಮೇಲೆ ನೆಲಸಿರುವ ಮತ್ತೊಂದು ಚಕ್ರದ ಮೂಲಕ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವ ಉಪಕರಣಕ್ಕೆ ಟರ್ಬೊಚಾರ್ಜರ್ ಎಂದು ಹೆಸರು. ಗ್ಯಾರೇಜಿನ ಮಾತಿನಲ್ಲಿ ಬರಿಯ ಟರ್ಬೊ. ಗಾಳಿ ಹೆಚ್ಚು ದೊರೆತಷ್ಟೂ ಹೆಚ್ಚು ಡೀಸೆಲನ್ನು ಪೂರ್ಣವಾಗಿ ಉರಿಸಬಹುದಾದುದರಿಂದ, ಎಂಜಿನಿನ ಗಾತ್ರವನ್ನು ಬೆಳೆಸದೆಯೇ ಅದರ ಬಲವನ್ನು ಬೆಳೆಸುವ ಈ ಉಪಾಯವು ಭಾರವಾಹನಗಳಿಗೆ ವರವಾಗಿ ಪರಿಣಮಿಸಿತು. ಆದರೆ ಲಾರಿಯ ಮಾಲೀಕರಿಗೂ ಮೇಸ್ತ್ರಿಗಳಿಗೂ ಚಿರಪರಿಚಿತವಾದ ಒಂದು ಕಷ್ಟವೂ ಇದರ ಜೊತೆಗೇ ಬಂದಿತು: ಟರ್ಬೊ ಕೆಟ್ಟಿತೆಂದು ತೆಗೆದು ಹೊಸದನ್ನು ಕೂಡಿಸಿದ ಕೆಲವು ವಾರಗಳಲ್ಲಿ, ಒಮ್ಮೊಮ್ಮೆ ಕೆಲವೇ ನಿಮಿಷಗಳಲ್ಲಿ, ಆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುವುದು. ಟರ್ಬೊ ತನ್ನ ದೋಷದಿಂದಲೇ ಕೆಡುವುದು ವಿರಳ. ಅದಕ್ಕೆ ಎಣ್ಣೆಯನ್ನು ಕೊಡುವುದು ಎಂಜಿನು, ಗಾಳಿಯನ್ನು ಕೊಡುವುದು ಏರ್ ಕ್ಲೀನರು, ಶಾಖವನ್ನು ಕೊಡುವುದು ಉರಿದ ಇಂಧನ. ಈ ಮೂವರಲ್ಲಿ ಯಾರ ತಪ್ಪಿಗಾದರೂ ದಂಡ ತೆರುವ ಭಾಗ ಟರ್ಬೊ. ಮೂಲಕಾರಣವನ್ನು ಹಾಗೆಯೇ ಬಿಟ್ಟು ಭಾಗವನ್ನು ಮಾತ್ರ ಬದಲಿಸಿದಲ್ಲಿ ವೈಫಲ್ಯವು ಮರುಕಳಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಉಪಕರಣದ ಜನಕನೆಂದು ಪ್ರಸಿದ್ಧನಾದವನು ಸ್ವಿಟ್ಸರ್ಲೆಂಡಿನ ವಿಂಟರ್‌ಥೂರಿನಲ್ಲಿ 1879ರಲ್ಲಿ ಹುಟ್ಟಿದ ಆಲ್ಫ್ರೆಡ್ ಬ್ಯೂಖಿ. 1905ರಲ್ಲಿ ಅವನು ಈ ತತ್ತ್ವಕ್ಕೆ ಪೇಟೆಂಟು ಪಡೆದನಾದರೂ, ಅಷ್ಟು ಶಾಖದಲ್ಲಿ ಅಷ್ಟು ವೇಗವನ್ನು ತಾಳಬಲ್ಲ ಲೋಹಗಳೂ ಬೇರಿಂಗುಗಳೂ ಅಂದು ಇರಲಿಲ್ಲವಾಗಿ, ಕಲ್ಪನೆ ಕಾರ್ಯರೂಪಕ್ಕೆ ಬರಲು ಎರಡು ದಶಕಗಳು ಹಿಡಿದುವು. 1920ರ ದಶಕದ ಮಧ್ಯಭಾಗದಲ್ಲಿ ಜರ್ಮನಿಯ ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಷ್’ ಎಂಬ ಎರಡು ಪ್ರಯಾಣಿಕ ಹಡಗುಗಳ ಹತ್ತು ಸಿಲಿಂಡರಿನ ಎಂಜಿನುಗಳು ಈ ಸಾಧನದ ನೆರವಿನಿಂದ 1,750 ಅಶ್ವಶಕ್ತಿಗೆ ಬದಲಾಗಿ 2,500 ಅಶ್ವಶಕ್ತಿಯನ್ನು ಕೊಟ್ಟಾಗ ಲೋಕಕ್ಕೆ ಅದರ ಬೆಲೆ ತಿಳಿಯಿತು. ಲಾರಿಗೆ ಅದು ಬಂದದ್ದು 1938ರಲ್ಲಿ, ಸ್ವಿಟ್ಸರ್ಲೆಂಡಿನ ಸೌರರ್ ಕಾರ್ಖಾನೆಯಿಂದ. 1954ರಲ್ಲಿ ಸ್ವೀಡನ್ನಿನ ವೋಲ್ವೊ ಸಂಸ್ಥೆ ಟರ್ಬೊ ಕೂಡಿಸಿದ ಲಾರಿಯನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಬಹುಕಾಲ ಲಾರಿಗಳು ಟರ್ಬೊ ಇಲ್ಲದೆಯೇ ಓಡಿದುವು. 2000ದಿಂದ ಈಚೆಗೆ ಭಾರತ್ ಸ್ಟೇಜ್ ಎಂಬ ಹೊಗೆಯ ನಿಯಮಗಳು ಒಂದೊಂದಾಗಿ ಬಿಗಿಯಾದಂತೆ ಟರ್ಬೊವೂ ಅದರೊಡನೆ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರೂ ಅನಿವಾರ್ಯವಾಗಿ, ಹಳೆಯ ಎಂಜಿನುಗಳ ಮೇಲೆ ಕೈ ಪಳಗಿಸಿಕೊಂಡಿದ್ದ ಮೇಸ್ತ್ರಿಗಳು ಅತ್ಯಂತ ಸೂಕ್ಷ್ಮವಾದ ಈ ಯಂತ್ರವನ್ನು ಹಳೆಯ ಅಭ್ಯಾಸಗಳಿಂದಲೇ ನಿಭಾಯಿಸಬೇಕಾಗಿ ಬಂದಿತು. ಮರುಕಳಿಸುವ ವೈಫಲ್ಯಗಳಲ್ಲಿ ಅನೇಕಕ್ಕೆ ಈ ಸಂಧಿಕಾಲದ ಅಭ್ಯಾಸಗಳೇ ಹಿನ್ನೆಲೆ.

ಟರ್ಬೊವಿನ ಸೂಕ್ಷ್ಮತೆಯನ್ನು ಅರಿಯಲು ಅದರ ಒಳಗನ್ನು ಒಮ್ಮೆ ನೋಡಬೇಕು. ಹೊಗೆಯ ಕಡೆಯ ಚಕ್ರವು, ಎಂದರೆ ಟರ್ಬೈನು, ನಿಕ್ಕಲ್ ಪ್ರಧಾನವಾದ ಮಿಶ್ರಲೋಹದ್ದು. 600ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದ ಅನಿಲವನ್ನು ಅದು ಎದುರಿಸಬೇಕು. ಗಾಳಿಯ ಕಡೆಯ ಚಕ್ರವು ಅಲ್ಯೂಮಿನಿಯಮ್ಮಿನದು. ಇವೆರಡನ್ನೂ ಹೊತ್ತ ಉಕ್ಕಿನ ದಂಡ ಕೈಬೆರಳಿನಷ್ಟು ದಪ್ಪವಿದ್ದರೆ ಹೆಚ್ಚು. ಪೂರ್ಣಭಾರದಲ್ಲಿ ಲಾರಿಯ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವುದು ಸಾಮಾನ್ಯ. 80 ಮಿಲಿಮೀಟರು ವ್ಯಾಸದ ಚಕ್ರವೊಂದು ಆ ವೇಗದಲ್ಲಿ ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 420 ಮೀಟರು ಸಂಚರಿಸುವುದೆಂದು ಲೆಕ್ಕ ಹಾಕಬಹುದು. ಶಬ್ದವಾದರೋ ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರಿನಷ್ಟೇ ಹೋಗುತ್ತದೆ. ಇಂಥ ವೇಗಕ್ಕೆ ಗುಂಡಿನ ಬೇರಿಂಗುಗಳು ಸಾಮಾನ್ಯವಾಗಿ ಬಳಕೆಯಲ್ಲಿಲ್ಲ. ದಂಡವು ಕಂಚಿನ ಎರಡು ಬುಶ್ಶುಗಳಲ್ಲಿ ಕುಳಿತಿರುತ್ತದೆ. ಆ ಬುಶ್ಶುಗಳೂ ಒಳಮೈಗೊಂದು ಹೊರಮೈಗೊಂದು ಎಣ್ಣೆಯ ಪದರವನ್ನು ಹೊದ್ದು ದಂಡಕ್ಕಿಂತ ಕಡಮೆ ವೇಗದಲ್ಲಿ ತಾವೂ ತಿರುಗುತ್ತಿರುತ್ತವೆ. ದಂಡವು ಮುಂದಕ್ಕೂ ಹಿಂದಕ್ಕೂ ಸರಿಯದಂತೆ ತಡೆಯುವುದಕ್ಕೆ ಥ್ರಸ್ಟ್ ಬೇರಿಂಗು ಎಂಬ ತೆಳುವಾದ ಕಂಚಿನ ಬಿಲ್ಲೆ ಬೇರೆ ಇದೆ. ಲೋಹಕ್ಕೂ ಲೋಹಕ್ಕೂ ನಡುವೆ ಇರುವ ಎಡೆ ಮಿಲಿಮೀಟರಿನ ಕೆಲವು ನೂರನೆಯ ಭಾಗ ಮಾತ್ರ. ಆ ಎಡೆಯಲ್ಲಿ ಒತ್ತಡದಿಂದ ಹರಿಯುವ ಎಣ್ಣೆಯೇ ದಂಡವನ್ನು ಎತ್ತಿ ಹಿಡಿದಿರುವುದು, ತಣಿಸುವುದೂ ಅದೇ.

ಆದುದರಿಂದ ಕಾರಣಗಳ ವಿಚಾರಣೆ ಎಣ್ಣೆಯಿಂದಲೇ ಮೊದಲಾಗಬೇಕು. ಲಕ್ಷ ಸುತ್ತಿನ ವೇಗದಲ್ಲಿ ಕೆಲವು ಸೆಕೆಂಡು ಎಣ್ಣೆ ತಪ್ಪಿದರೆ ಸಾಕು, ದಂಡ ನೀಲಿಗಟ್ಟಿ, ಬುಶ್ಶಿನ ಕಂಚು ಕರಗಿ ಅದಕ್ಕೆ ಮೆತ್ತಿಕೊಳ್ಳುತ್ತದೆ. ಎಣ್ಣೆ ತಪ್ಪುವ ಬಗೆಗಳು ಹಲವು. ಹೊಸ ಟರ್ಬೊವನ್ನು ಕೂಡಿಸಿದ ಕೂಡಲೆ, ಅದರ ಎಣ್ಣೆಯ ದ್ವಾರಕ್ಕೆ ಶುದ್ಧವಾದ ಆಯಿಲನ್ನು ಹೊಯ್ಯದೆ, ಎಂಜಿನನ್ನು ಚಾಲೂ ಮಾಡಿ ಎರಡು ಮೂರು ಬಾರಿ ರೇಸ್ ಮಾಡಿ ನೋಡುವ ಪದ್ಧತಿ ಒಂದು. ಆಯಿಲನ್ನೂ ಫಿಲ್ಟರನ್ನೂ ಬದಲಿಸಿದ ಮೇಲೆ ಬರಿದಾದ ಫಿಲ್ಟರು ತುಂಬಿ ಒತ್ತಡ ಮೇಲೇರುವ ಮೊದಲೇ ಆಕ್ಸಿಲರೇಟರನ್ನು ತುಳಿಯುವುದು ಇನ್ನೊಂದು. ಮೂರನೆಯದು ಎಷ್ಟು ಸಾಮಾನ್ಯವೋ ಅಷ್ಟೇ ಶೋಚನೀಯವಾದದ್ದು: ಎಣ್ಣೆಯ ಪೈಪಿನ ಫ್ಲಾಂಜಿಗೆ ಪ್ಯಾಕಿಂಗಿನ ಬದಲು, ಇಲ್ಲವೆ ಪ್ಯಾಕಿಂಗಿನ ಮೇಲೆ, ಟ್ಯೂಬಿನಲ್ಲಿ ಬರುವ ಸಿಲಿಕೋನ್ ಅಂಟನ್ನು ಧಾರಾಳವಾಗಿ ಬಳಿಯುವುದು. ಬೋಲ್ಟನ್ನು ಬಿಗಿದಾಗ ಅಂಟು ಹೊರಕ್ಕೆ ಚಿಮ್ಮಿದಂತೆ ಒಳಕ್ಕೂ ಚಿಮ್ಮುತ್ತದೆ. ಹೊರಗಿನದನ್ನು ಮೇಸ್ತ್ರಿ ಬಟ್ಟೆಯಿಂದ ಒರಸಿ ತೆಗೆಯುತ್ತಾನೆ, ಒಳಗಿನದು ಸಣ್ಣ ತುಣುಕಾಗಿ ಹರಿದು ಕೆಲವೇ ಮಿಲಿಮೀಟರು ಅಗಲದ ದ್ವಾರವನ್ನು ಮುಚ್ಚುತ್ತದೆ. ಹೀಗೆ ಕೆಟ್ಟ ಟರ್ಬೊವನ್ನು ಬಿಚ್ಚಿದರೆ ದ್ವಾರದಲ್ಲಿ ರಬ್ಬರಿನಂಥ ಚೂರು ಕಣ್ಣಿಗೆ ಬೀಳುತ್ತದೆ. ನೋಡದೆ ಮತ್ತೊಂದನ್ನು ಕೂಡಿಸಿದರೆ, ಅದೇ ಅಂಟಿನಿಂದಲೇ ಕೂಡಿಸುವುದರಿಂದ, ಫಲವೂ ಅದೇ.

ಎಣ್ಣೆ ಬಂದರೂ ಅದು ಶುದ್ಧವಾಗಿರಬೇಕು. ಡೀಸೆಲ್ ಎಂಜಿನಿನ ಮಸಿ, ಉಜ್ಜಿದ ಲೋಹದ ಪುಡಿ, ಸೋರುವ ನಾಝಲಿನಿಂದ ಇಳಿದ ಡೀಸೆಲು, ಹೆಡ್ಡಿನ ಪ್ಯಾಕಿಂಗು ಹೋದಾಗ ಬೆರೆಯುವ ನೀರು—ಇವೆಲ್ಲ ಎಣ್ಣೆಯ ಪದರದ ಬಲವನ್ನು ಕುಂದಿಸುತ್ತವೆ. ಎಂಜಿನಿನ ಇತರ ಬೇರಿಂಗುಗಳು ಸಹಿಸಿಕೊಳ್ಳುವಷ್ಟು ಕಶ್ಮಲವನ್ನು ಟರ್ಬೊ ಸಹಿಸದು. ಏಕೆಂದರೆ ಅಲ್ಲಿ ವೇಗ ಸಾವಿರಗಳಲ್ಲಿ, ಇಲ್ಲಿ ಲಕ್ಷದಲ್ಲಿ. ಕೊಳಕು ಎಣ್ಣೆಯಿಂದ ಕೆಟ್ಟ ದಂಡದ ಮೈಮೇಲೆ ಸುತ್ತಲೂ ಗೀರುಗಳು ಸಾಲುಗೊಂಡಿರುತ್ತವೆ, ಬುಶ್ಶಿನ ತೂತುಗಳ ಅಂಚು ಸವೆದಿರುತ್ತದೆ. ಎಣ್ಣೆಯೇ ಇಲ್ಲದೆ ಕೆಟ್ಟ ದಂಡಕ್ಕಾದರೆ ಗೀರಿಗಿಂತ ಹೆಚ್ಚಾಗಿ ಸುಟ್ಟ ನೀಲಿ ಬಣ್ಣವಿರುತ್ತದೆ. ಈ ಎರಡು ಗುರುತುಗಳನ್ನು ಬೇರ್ಪಡಿಸಿ ನೋಡಬಲ್ಲ ಕಣ್ಣುಳ್ಳ ಮೇಸ್ತ್ರಿ ಅರ್ಧ ರೋಗವನ್ನು ನಿಂತಲ್ಲೇ ಕಂಡುಹಿಡಿಯುತ್ತಾನೆ.

ಶಾಖದಿಂದ ಎಣ್ಣೆಯೇ ಶತ್ರುವಾಗುವ ಪ್ರಕರಣ ಬೇರೊಂದು. ಮಂಗಳೂರಿನ ಬಂದರಿನಿಂದ ಪೂರ್ಣ ಲೋಡು ಹೊತ್ತ ಲಾರಿಯು ಗುಂಡ್ಯದಿಂದ ಶಿರಾಡಿ ಘಾಟಿಯನ್ನು ಕೆಳಗಿನ ಗೇರುಗಳಲ್ಲಿ ಏರಿ ಸಕಲೇಶಪುರದ ಕಡೆಗೆ ಬಂದಾಗ ಟರ್ಬೈನಿನ ಮನೆ ಕೆಂಪಗೆ ಕಾದಿರುವುದುಂಟು. ಆ ಕ್ಷಣದಲ್ಲಿ ಚಹದ ಅಂಗಡಿಯ ಮುಂದೆ ನಿಲ್ಲಿಸಿ ಕೀಲಿಯನ್ನು ತಿರುವಿದರೆ ಎಣ್ಣೆಯ ಹರಿವು ನಿಲ್ಲುತ್ತದೆ. ಚಕ್ರವು ಇನ್ನೂ ಸ್ವಲ್ಪ ಕಾಲ ತಿರುಗುತ್ತಲೇ ಇರುತ್ತದೆ. ಹೊರಗಿನ ಕಾವು ದಂಡದ ಮೂಲಕ ಒಳಗಿನ ಬುಶ್ಶಿಗೆ ಹರಿದು, ಅಲ್ಲಿ ನಿಂತ ಎಣ್ಣೆಯು ಬಾಣಲೆಯ ತಳಕ್ಕೆ ಹತ್ತಿದ ಕರಿಯಂತೆ ಗಟ್ಟಿಯಾಗಿ ಕೂರುತ್ತದೆ. ಒಂದು ದಿನದಲ್ಲಿ ಇದರಿಂದ ಏನೂ ಆಗದು. ತಿಂಗಳುಗಟ್ಟಲೆ ಪುನರಾವೃತ್ತಿಯಾದಾಗ ಇದ್ದಿಲಿನ ಪದರ ದಪ್ಪವಾಗಿ ಎಣ್ಣೆಯ ದಾರಿ ಕಿರಿದಾಗುತ್ತದೆ, ಸೀಲಿನ ರಿಂಗು ತನ್ನ ತೋಡಿನಲ್ಲಿ ಅಂಟಿಕೊಳ್ಳುತ್ತದೆ. ನಿಲ್ಲಿಸುವ ಮೊದಲು ಮೂರರಿಂದ ಐದು ನಿಮಿಷ ಎಂಜಿನನ್ನು ಐಡಲಿನಲ್ಲಿ ಬಿಡಬೇಕೆಂಬ ತಯಾರಕರ ಸೂಚನೆಗೆ ಕಾರಣವಿದು. ಹಾಗೆಂದು ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವುದೂ ಹಿತವಲ್ಲ. ಆಗ ಚಕ್ರಗಳ ಹಿಂದಿನ ಒತ್ತಡ ಕುಗ್ಗಿ ಎಣ್ಣೆ ಎರಡು ಕಡೆಗೂ ಜಿನುಗುತ್ತದೆ.

ಜಿನುಗುವಿಕೆಯ ವಿಷಯದಲ್ಲಿ ಪ್ರಚಲಿತವಾಗಿರುವ ಒಂದು ತಪ್ಪು ಕಲ್ಪನೆಯಿಂದ ನಿರ್ದೋಷಿಯಾದ ಎಷ್ಟೋ ಟರ್ಬೊಗಳು ಬದಲಾಗಿವೆ. ಇಂಟರ್‌ಕೂಲರಿನ ಹೋಸಿನಲ್ಲಿ ಎಣ್ಣೆ ಕಂಡ ಕೂಡಲೆ ‘ಟರ್ಬೊ ಸೀಲ್ ಹೋಗಿದೆ’ ಎನ್ನುವುದು ವಾಡಿಕೆ. ಟರ್ಬೊವಿನ ಸೀಲು, ಲಾರಿಯ ಗಾಲಿಯ ಹಬ್ಬಿನ ಆಯಿಲ್ ಸೀಲಿನಂತೆ ತುಟಿಯುಳ್ಳ ರಬ್ಬರಲ್ಲ. ಪಿಸ್ಟನ್ ರಿಂಗನ್ನು ಹೋಲುವ ಲೋಹದ ಬಳೆ. ಅದರ ಮುಖ್ಯ ಕೆಲಸ ಒತ್ತಡದ ಗಾಳಿಯನ್ನೂ ಹೊಗೆಯನ್ನೂ ಬುಶ್ಶುಗಳಿರುವ ನಡುಮನೆಗೆ ನುಗ್ಗದಂತೆ ತಡೆಯುವುದು. ಎಣ್ಣೆ ಹೊರಬಾರದಿರುವುದು ಹೆಚ್ಚಾಗಿ ಹೊರಗಿನ ಒತ್ತಡದಿಂದಲೂ, ಬಳಸಿದ ಎಣ್ಣೆ ನಿರಾತಂಕವಾಗಿ ಕೆಳಗೆ ಇಳಿದುಹೋಗುವುದರಿಂದಲೂ. ಒಳಬರುವ ಎಣ್ಣೆಗೆ ಪಂಪಿನ ಒತ್ತಡವಿದೆ. ಹೊರಹೋಗುವ ಎಣ್ಣೆಗೆ ಭೂಮಿಯ ಆಕರ್ಷಣೆಯೊಂದೇ ಗತಿ. ಅದು ನೊರೆಯಾಗಿ ಬೀಳುವುದರಿಂದ ಇಳಿಯುವ ಪೈಪು ದಪ್ಪವಾಗಿಯೂ ಆದಷ್ಟು ನೇರವಾಗಿಯೂ ಇರಬೇಕು. ಆ ಪೈಪು ಜಜ್ಜಿದ್ದರೆ, ಒಳಗೆ ಗಸಿ ಕಟ್ಟಿದ್ದರೆ, ಟರ್ಬೊವಿನ ನಡುಭಾಗವನ್ನು ವಾರೆಯಾಗಿ ಕೂಡಿಸಿದ್ದರೆ, ಎಣ್ಣೆ ನಡುಮನೆಯಲ್ಲಿ ತುಂಬಿ ಸಿಕ್ಕ ದಾರಿಯಲ್ಲಿ ಹೊರಬೀಳುತ್ತದೆ. ಎಂಜಿನಿನ ರಿಂಗು ಸವೆದು ಕ್ರ್ಯಾಂಕ್‌ಕೇಸಿನಲ್ಲಿ ಹೊಗೆಯ ಒತ್ತಡ ಏರಿದಾಗಲೂ, ಆ ಹೊಗೆಯನ್ನು ಹೊರಬಿಡುವ ಬ್ರೀದರು ಕಟ್ಟಿಕೊಂಡಾಗಲೂ ಹೀಗೆಯೇ: ಕೆಳಗಿನಿಂದ ಒತ್ತಡ ಮೇಲಕ್ಕೆ ತಳ್ಳುತ್ತಿರುವಾಗ ಎಣ್ಣೆ ಇಳಿಯುವುದೆಂತು? ಏರ್ ಕ್ಲೀನರು ಧೂಳಿನಿಂದ ಮುಚ್ಚಿದ್ದರೆ ಗಾಳಿಯ ಚಕ್ರದ ಹಿಂದೆ ನಿರ್ವಾತ ಉಂಟಾಗಿ ಎಣ್ಣೆಯನ್ನು ಸೆಳೆಯುತ್ತದೆ. ಇಂಥ ಲಾರಿಗೆ ಮೂರು ಟರ್ಬೊಗಳನ್ನು ಹಾಕಿದರೂ ಮೂರೂ ಸೋರುತ್ತವೆ. ಅವುಗಳಲ್ಲಿ ಒಂದೂ ಕೆಟ್ಟಿರುವುದಿಲ್ಲ.

ಈ ಸೋರಿಕೆಗೆ ಪ್ರಾಣಾಪಾಯದ ಮುಖವೂ ಇದೆ. ಇಂಟರ್‌ಕೂಲರಿನಲ್ಲಿ ಸಂಗ್ರಹವಾದ ಎಣ್ಣೆಯನ್ನು ಗಾಳಿಯೊಡನೆ ಹೀರಿಕೊಂಡ ಡೀಸೆಲ್ ಎಂಜಿನು ಅದನ್ನೇ ಇಂಧನವಾಗಿ ಉರಿಸಿ, ಕೀಲಿ ತೆಗೆದರೂ ನಿಲ್ಲದೆ, ವೇಗವನ್ನು ಏರಿಸುತ್ತ ಒಡೆಯುವವರೆಗೂ ಓಡಬಲ್ಲದು. ಆಗ ಗಾಳಿಯ ದ್ವಾರವನ್ನು ಗಟ್ಟಿಯಾದ ಹಲಗೆಯಿಂದ ಮುಚ್ಚುವುದು, ಇಲ್ಲವೆ ಬ್ರೇಕು ತುಳಿದು ಮೇಲಿನ ಗೇರಿನಲ್ಲಿ ಕ್ಲಚ್ಚು ಬಿಟ್ಟು ಎಂಜಿನನ್ನು ಕಟ್ಟಿಹಾಕುವುದು ಉಳಿದ ಉಪಾಯ. ಬರಿಗೈಯಿಂದ ದ್ವಾರವನ್ನು ಮುಚ್ಚಲು ಹೋಗಬಾರದು.

ಗಾಳಿಯ ಕಡೆಯ ಶತ್ರುಗಳಲ್ಲಿ ಧೂಳು ಮುಖ್ಯ. ಆರು ಲೀಟರು ಗಾತ್ರದ ಎಂಜಿನು ನಿಮಿಷಕ್ಕೆ 2,400 ಸುತ್ತು ತಿರುಗುತ್ತ ಟರ್ಬೊವಿನ ನೆರವಿನಿಂದ ಉಸಿರಾಡುವಾಗ ನಿಮಿಷವೊಂದಕ್ಕೆ ಸುಮಾರು 12,000 ಲೀಟರು ಹೊರಗಾಳಿಯನ್ನು ಸೆಳೆಯುತ್ತದೆ. ಬಳ್ಳಾರಿ, ಸಂಡೂರು, ಹೊಸಪೇಟೆಗಳ ನಡುವೆ ಅದಿರು ಸಾಗಿಸುವ ಲಾರಿಗಳ ಮಾರ್ಗದಲ್ಲಿ ಈ ಗಾಳಿಯೊಡನೆ ಕೆಂಪು ಧೂಳೂ ಎಷ್ಟು ಬರುವುದೆಂಬುದನ್ನು ರಸ್ತೆಬದಿಯ ಗಿಡಗಳ ಎಲೆಗಳೇ ತೋರಿಸುತ್ತವೆ. ಫಿಲ್ಟರು ಸರಿಯಾಗಿದ್ದರೆ ಧೂಳು ಅಲ್ಲಿಯೇ ನಿಲ್ಲುತ್ತದೆ. ಆದರೆ ಕಾಗದದ ಫಿಲ್ಟರನ್ನು ಟೈರಿಗೆ ಬಡಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಊದಿ ಮತ್ತೆ ಮತ್ತೆ ಬಳಸುವಾಗ ಕಣ್ಣಿಗೆ ಕಾಣದ ಸೀಳುಗಳು ಬೀಳುತ್ತವೆ. ಕ್ಲೀನರಿನಿಂದ ಟರ್ಬೊವಿಗೆ ಬರುವ ರಬ್ಬರ್ ಹೋಸು ಮಡಿಕೆಯಲ್ಲಿ ಬಿರಿಯುತ್ತದೆ, ಅದರ ಕ್ಲಾಂಪು ಸಡಿಲವಾಗುತ್ತದೆ. ಹೋಸಿನ ಒಳಮೈಯನ್ನು ಬಿಳಿಯ ಬಟ್ಟೆಯಿಂದ ಒರಸಿದಾಗ ಮಣ್ಣು ಹತ್ತಿದರೆ ಫಿಲ್ಟರಿನ ಆಚೆಗೆ ಎಲ್ಲಿಯೋ ಬಿರುಕಿದೆಯೆಂದು ನಿಶ್ಚಯಿಸಬಹುದು. ಧೂಳಿನಿಂದ ಸವೆದ ಚಕ್ರದ ಎಲೆಗಳು ಮುರಿಯುವುದಿಲ್ಲ. ಅಂಚು ನಯವಾಗಿ ತೆಳ್ಳಗಾಗುತ್ತ ಬಂದು ಚಕ್ರದ ಸಮತೋಲ ತಪ್ಪುತ್ತದೆ, ತೂಕ ತಪ್ಪಿದ ಚಕ್ರ ಬುಶ್ಶನ್ನು ಬಡಿದು ಅಗಲಿಸುತ್ತದೆ. ಹೊರಗಿನ ವಸ್ತು—ಒಂದು ನಟ್ಟು, ವಾಷರು, ಮರೆತುಹೋದ ಬಟ್ಟೆಯ ಚಿಂದಿ—ಒಳಹೊಕ್ಕಾಗಿನ ಗುರುತು ಬೇರೆ: ಎಲೆಗಳು ಹರಿದು, ಬಾಗಿ, ಚುಕ್ಕೆ ಚುಕ್ಕೆಯಾಗಿ ಜಜ್ಜಿರುತ್ತವೆ.

ಹೊಗೆಯ ಕಡೆಯಿಂದ ಬರುವ ಆಘಾತಕ್ಕೆ ಮೂಲ ಎಂಜಿನಿನ ಒಳಗೇ ಇರುತ್ತದೆ: ಮುರಿದ ವಾಲ್ವಿನ ತುಂಡು, ನಾಝಲಿನ ತುದಿ, ಪಿಸ್ಟನ್ ರಿಂಗಿನ ಚೂರು, ಮ್ಯಾನಿಫೋಲ್ಡಿನಿಂದ ಕಳಚಿದ ಹಕ್ಕಳೆ. ಇಲ್ಲಿಯೇ ಪುನರ್ವೈಫಲ್ಯದ ಅತ್ಯಂತ ಗೂಢವಾದ ಸರಣಿಯನ್ನು ಗಮನಿಸಬೇಕು. ಮೊದಲ ಟರ್ಬೊವಿನ ಗಾಳಿಚಕ್ರ ಒಡೆದಾಗ ಅದರ ಅಲ್ಯೂಮಿನಿಯಂ ಚೂರುಗಳು ಮುಂದಕ್ಕೆ ಹಾರಿ ಇಂಟರ್‌ಕೂಲರಿನ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೇಸ್ತ್ರಿ ಟರ್ಬೊವನ್ನು ಬದಲಿಸುತ್ತಾನೆ. ಇಂಟರ್‌ಕೂಲರನ್ನು ಇಳಿಸಿ ತೊಳೆಯುವುದಿಲ್ಲ. ಲಾರಿ ಕುಲುಕುತ್ತ ಓಡಿದಂತೆ ಒಂದು ಚೂರು ಸಡಿಲವಾಗಿ ಸಿಲಿಂಡರನ್ನು ಸೇರಿ, ವಾಲ್ವನ್ನೋ ಪಿಸ್ಟನ್ನನ್ನೋ ಗಾಯಗೊಳಿಸಿ, ಹೊಗೆಯೊಡನೆ ಹೊರಬಂದು ಹೊಸ ಟರ್ಬೊವಿನ ಟರ್ಬೈನ್ ಚಕ್ರವನ್ನು ಬಡಿಯುತ್ತದೆ. ಸತ್ತ ಟರ್ಬೊವಿನ ಅವಶೇಷವೇ ಹೀಗೆ ಇಡೀ ಎಂಜಿನನ್ನು ಸುತ್ತಿ ಬಂದು ಹೊಸದನ್ನು ಕೊಂದಿತೆಂಬುದು ಯಾರ ಊಹೆಗೂ ನಿಲುಕದೆ, ಹೊಸ ಟರ್ಬೊ ಕಳಪೆಯೆಂಬ ತೀರ್ಪು ಹೊರಬೀಳುತ್ತದೆ. ಎಣ್ಣೆಯ ಕಡೆಯಲ್ಲಿಯೂ ಇದೇ ಕಥೆ: ಕರಗಿದ ಬುಶ್ಶಿನ ಕಂಚಿನ ಪುಡಿ ಎಂಜಿನಿನ ತಳದ ಎಣ್ಣೆಯ ಚೇಂಬರಿಗೆ ಇಳಿದು ಎಣ್ಣೆಯಲ್ಲಿ ಸುತ್ತುತ್ತಿರುವಾಗ, ಆಯಿಲನ್ನೂ ಫಿಲ್ಟರನ್ನೂ ಬದಲಿಸದೆ ಕೂಡಿಸಿದ ಹೊಸ ಟರ್ಬೊ ತನ್ನ ಮೊದಲ ಗುಟುಕಿನಲ್ಲಿಯೇ ಆ ಪುಡಿಯನ್ನು ಸೇವಿಸುತ್ತದೆ.

ಅತಿವೇಗದ ವೈಫಲ್ಯಗಳು ಮೇಲಿನವುಗಳಿಗಿಂತ ನಿಧಾನವಾದುವು, ಗುರುತಿಸಲು ಕಠಿನವಾದುವು. ಚಕ್ರದ ಮೇಲಿನ ಕೇಂದ್ರಾಪಗಾಮಿ ಪ್ರತಿಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗದಲ್ಲಿ ನೂರಕ್ಕೆ ಹತ್ತು ಹೆಚ್ಚಳವೆಂದರೆ ಪ್ರತಿಬಲದಲ್ಲಿ ನೂರಕ್ಕೆ ಇಪ್ಪತ್ತೊಂದು ಹೆಚ್ಚಳ. ಟರ್ಬೊವಿನಿಂದ ಎಂಜಿನಿಗೆ ಹೋಗುವ ಹೋಸು ಬಿರಿದು ಗಾಳಿ ಸೋರುತ್ತಿದ್ದರೆ, ಎಂಜಿನು ಕಪ್ಪು ಹೊಗೆಯುಗುಳಿ ‘ಪುಲ್ಲಿಂಗ್ ಇಲ್ಲ’ವೆಂದು ಚಾಲಕನು ಇನ್ನಷ್ಟು ತುಳಿಯುತ್ತಾನೆ; ಕಾವೇರಿದ ಅನಿಲ ಟರ್ಬೈನನ್ನು ಮಿತಿಮೀರಿ ತಿರುಗಿಸುತ್ತದೆ. ಪಂಪಿನಲ್ಲಿ ಡೀಸೆಲಿನ ಪ್ರಮಾಣವನ್ನು ಹೆಚ್ಚಿಸುವುದು, ಈಚಿನ ಲಾರಿಗಳಲ್ಲಿ ಎಂಜಿನಿನ ಗಣಕವಾದ ಇಸಿಎಂನ ಲೆಕ್ಕಾಚಾರವನ್ನೇ ತಿದ್ದುವುದು, ಹೆಚ್ಚುವರಿ ಅನಿಲವನ್ನು ಪಕ್ಕಕ್ಕೆ ಹಾಯಿಸುವ ವೇಸ್ಟ್‌ಗೇಟನ್ನು ಬಿಗಿದು ಕಟ್ಟುವುದು, ಓವರ್‌ಲೋಡಿನ ಬಾಡಿಗೆಯ ಆಸೆಗೆ ನಮ್ಮಲ್ಲಿ ನಡೆಯುವ ಉಪಾಯಗಳು. ಇವುಗಳ ಲಾಭ ಟ್ರಿಪ್ಪಿನ ಲೆಕ್ಕದಲ್ಲಿ ಕಾಣುತ್ತದೆ, ನಷ್ಟ ಟರ್ಬೊವಿನ ಲೆಕ್ಕದಲ್ಲಿ. ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗುವುದರಿಂದ, ಅಷ್ಟೇ ಒತ್ತಡವನ್ನು ಕೊಡಲು ಟರ್ಬೊ ಇನ್ನೂ ವೇಗವಾಗಿ ತಿರುಗಬೇಕಾಗುತ್ತದೆ. ಸುಮಾರು 3,500 ಮೀಟರು ಎತ್ತರದ ಲೇಹ್ ಪಟ್ಟಣದಲ್ಲಿ ವಾಯುಭಾರವು ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ ಇದೆಯೆಂಬುದನ್ನು ನೆನೆದರೆ ಆ ದಾರಿಯ ಲಾರಿಗಳ ಪಾಡು ತಿಳಿದೀತು. ಅತಿವೇಗವನ್ನು ಪದೇ ಪದೇ ಅನುಭವಿಸಿದ ಟರ್ಬೈನ್ ಚಕ್ರದ ಬೆನ್ನಿನ ಲೋಹ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗುವುದು ಪರೀಕ್ಷಕರು ಹುಡುಕುವ ಲಕ್ಷಣ.

ಅತಿಶಾಖವು ಟರ್ಬೈನಿನ ಮನೆಯನ್ನು ಸೀಳಿಸುತ್ತದೆ, ಚಕ್ರದ ಎಲೆಗಳನ್ನು ಹಿಗ್ಗಿಸಿ ಮನೆಯ ಗೋಡೆಗೆ ಉಜ್ಜಿಸುತ್ತದೆ. ಘಾಟಿಯಿಳಿಯುವಾಗ ಬಳಸುವ ಎಕ್ಸಾಸ್ಟ್ ಬ್ರೇಕು ಹೊಗೆಯ ಹಾದಿಯನ್ನು ಮುಚ್ಚಿ ಟರ್ಬೈನಿನ ಕಡೆ ಒತ್ತಡವನ್ನು ಬೆಳೆಸುವುದರಿಂದ, ಥ್ರಸ್ಟ್ ಬೇರಿಂಗಿನ ಮೇಲೆ ಭಾರ ಬೀಳುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಲಾರಿಗಳಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಕಟ್ಟಿಕೊಂಡಾಗಲೂ ಪರಿಣಾಮ ಇದೇ ಬಗೆಯದು. ಟರ್ಬೈನ್ ಚಕ್ರದ ಸುತ್ತಲಿನ ಎಲೆಗಳ ಕೋನ ಬದಲಾಗುವ ಟರ್ಬೊಗಳಲ್ಲಿ ಅದೇ ಮಸಿ ಆ ಎಲೆಗಳ ಸಂದಿನಲ್ಲಿ ಸೇರಿ ಅವನ್ನು ಅಲ್ಲಾಡದಂತೆ ಹಿಡಿಯುತ್ತದೆ. ಇಲ್ಲಿಯೂ ಡಿಪಿಎಫ್, ಹೊಗೆಯ ಒಂದು ಪಾಲನ್ನು ಮರಳಿ ಎಂಜಿನಿಗೆ ಕೊಡುವ ಇಜಿಆರ್, ನಾಝಲುಗಳನ್ನು ಪರೀಕ್ಷಿಸದೆ ಟರ್ಬೊವನ್ನಷ್ಟೇ ಬದಲಿಸುವುದು ದುಬಾರಿಯಾದ ನಿಷ್ಫಲ ಕೆಲಸ.

ಬಿಡಿಭಾಗದ ಗುಣವೂ ವಿಚಾರಾರ್ಹವೇ. ನಡುಭಾಗವನ್ನು ಮಾತ್ರ ‘ಕಾರ್ಟ್ರಿಜ್’ ಎಂದು ಕಡಮೆ ಬೆಲೆಗೆ ಮಾರುವುದುಂಟು. ಒಳಗಿನ ಬುಶ್ಶುಗಳನ್ನು ಮಾತ್ರ ಬದಲಿಸಿ ಕೊಡುವುದೂ ಉಂಟು. ಇಂಥ ದುರಸ್ತಿ ತಪ್ಪೆಂದು ಸಾರಾಸಗಟಾಗಿ ಹೇಳಲಾಗದು. ದಂಡವನ್ನೂ ಚಕ್ರಗಳನ್ನೂ ವಿಶೇಷ ಯಂತ್ರದ ಮೇಲೆ ತಿರುಗಿಸಿ ಸಮತೋಲವನ್ನು ಪರೀಕ್ಷಿಸಿ, ಚಕ್ರವನ್ನೂ ನಟ್ಟನ್ನೂ ಬಿಚ್ಚುವ ಮುನ್ನ ಹಾಕಿದ ಗುರುತಿಗೆ ಸರಿಯಾಗಿ ಕೂಡಿಸಿದ್ದರೆ ಅದು ಹೊಸದರಂತೆಯೇ ಬಾಳಬಲ್ಲದು. ಸಮತೋಲ ನೋಡದೆ ಕೂಡಿಸಿದ್ದು ಮಾತ್ರ ಮೊದಲ ದಿನದಿಂದಲೇ ಸಿಳ್ಳೆ ಹಾಕತೊಡಗುತ್ತದೆ.

ಟರ್ಬೊ ಎಷ್ಟು ಕಾಲ ಬಾಳಿತೆಂಬುದೇ ಕಾರಣಕ್ಕೆ ದೊಡ್ಡ ಸಾಕ್ಷಿ. ಚಾಲೂ ಮಾಡಿದ ಕೆಲವು ನಿಮಿಷಗಳಲ್ಲಿ ಕೆಟ್ಟಿದ್ದರೆ ಎಣ್ಣೆ ಬರಲಿಲ್ಲವೆಂದೋ, ಗಟ್ಟಿ ವಸ್ತು ಒಳಹೊಕ್ಕಿತೆಂದೋ ತಿಳಿಯಬೇಕು. ಕೆಲವು ಟ್ರಿಪ್ಪುಗಳ ಮೇಲೆ ಕೆಟ್ಟಿದ್ದರೆ ಹಳೆಯ ಅವಶೇಷ, ಕೊಳಕು ಎಣ್ಣೆ, ಎಣ್ಣೆ ಇಳಿಯುವ ಪೈಪು—ಇವುಗಳ ಕಡೆಗೆ ಗಮನ ಹೋಗಬೇಕು. ಹಲವು ತಿಂಗಳು ಬಾಳಿ ಕೆಟ್ಟಿದ್ದರೆ ಧೂಳು, ಕಾದ ಎಂಜಿನನ್ನು ತಟ್ಟನೆ ನಿಲ್ಲಿಸುವ ಅಭ್ಯಾಸ, ಅತಿವೇಗ ಇವು ಸಂಶಯಕ್ಕೆ ಪಾತ್ರ. ಆದಕಾರಣ ಕೆಟ್ಟ ಟರ್ಬೊವನ್ನು ಗುಜರಿಗೆ ಎಸೆಯುವ ಮುನ್ನ ಬಿಚ್ಚಿ ನೋಡುವುದು ಅತ್ಯಗತ್ಯ. ಮಾಲೀಕನ ಸಾಲದ ಕಂತಿನ ಲಾರಿ ನಿಂತಿರುವಾಗ, ಸಾಗಿಸಬೇಕಾದ ಸರಕು ಕಾಯುತ್ತಿರುವಾಗ, ಈ ತಾಳ್ಮೆ ಸುಲಭವಲ್ಲವೆಂಬುದು ನಿಜ. ಆದರೆ ಬಿಚ್ಚಿ ನೋಡದ ಗ್ಯಾರೇಜಿನಲ್ಲಿ ಆರೋಪವು ಪ್ರಾಯಶಃ ಚಾಲಕನ ತಲೆಗೆ ಬಂದು, ಅವನ ಬತ್ತೆಯಿಂದ ದುಡ್ಡು ಕಡಿತವಾಗುವುದುಂಟು. ಅಂಟಿನ ಚೂರಿನಿಂದ ಸತ್ತ ಟರ್ಬೊವಿಗೆ ಚಾಲಕನು ದಂಡ ತೆರುವುದು ಶುದ್ಧ ಅನ್ಯಾಯ.

ಕಾರಣ ಗೊತ್ತಾದ ಮೇಲೆ ಕೂಡಿಸುವ ಕ್ರಮ ದೀರ್ಘವೇನಲ್ಲ. ಆಯಿಲು, ಆಯಿಲ್ ಫಿಲ್ಟರು, ಏರ್ ಫಿಲ್ಟರುಗಳನ್ನು ಬದಲಿಸಬೇಕು. ಎಣ್ಣೆ ಬರುವ ಪೈಪನ್ನು ತೊಳೆಯುವುದಕ್ಕಿಂತ ಹೊಸದನ್ನು ಹಾಕುವುದು ಮೇಲು, ಏಕೆಂದರೆ ಒಳಗಿನ ಇದ್ದಿಲು ತೊಳೆದರೆ ಹೋಗುವಂಥದಲ್ಲ. ಇಂಟರ್‌ಕೂಲರನ್ನು ಇಳಿಸಿ ಎಣ್ಣೆಯೂ ಚೂರುಗಳೂ ಹೋಗುವಂತೆ ತೊಳೆಯಬೇಕು. ಹಳೆಯ ಟರ್ಬೊವಿನ ಚಕ್ರ ಒಡೆದಿದ್ದಲ್ಲಿ ಇಂಟರ್‌ಕೂಲರನ್ನೂ ಬದಲಿಸುವುದು ಕ್ಷೇಮ. ಫ್ಲಾಂಜುಗಳಿಗೆ ಸರಿಯಾದ ಪ್ಯಾಕಿಂಗನ್ನೇ ಹಾಕಿ, ಅಂಟನ್ನು ಬಳಸದೆ, ದ್ವಾರಕ್ಕೆ ಶುದ್ಧ ಆಯಿಲು ಹೊಯ್ದು ದಂಡವನ್ನು ಬೆರಳಿನಿಂದ ತಿರುಗಿಸಬೇಕು. ಡೀಸೆಲನ್ನು ತಡೆದು ಸ್ಟಾರ್ಟರಿನಿಂದ ಎಂಜಿನನ್ನು ತಿರುಗಿಸಿದಾಗ, ಸಡಿಲಗೊಳಿಸಿಟ್ಟ ಇಳಿಯುವ ಪೈಪಿನಿಂದ ಎಣ್ಣೆ ಬೀಳುವುದನ್ನು ಕಣ್ಣಾರೆ ಕಂಡ ಮೇಲೆ ಪೈಪನ್ನು ಬಿಗಿದು, ಎಂಜಿನನ್ನು ಚಾಲೂ ಮಾಡಿ, ಕೆಲವು ನಿಮಿಷ ಐಡಲಿನಲ್ಲಿಟ್ಟು, ಹೋಸುಗಳ ಕ್ಲಾಂಪುಗಳನ್ನೂ ಎಣ್ಣೆಯ ಪೈಪಿನ ಕೀಲುಗಳನ್ನೂ ಮತ್ತೊಮ್ಮೆ ನೋಡಿದ ಬಳಿಕ ಲೋಡು ಹೊರಿಸಬಹುದು.